ಕೆರೆ ಕಾಣುವ ಫ್ಲ್ಯಾಟ್: ನೀರಿನ ಗಡಿಯ ಅಂತರವನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಆಸ್ತಿ ಪುರವಣಿಯಲ್ಲಿ ಹೈದರಾಬಾದಿನ ಮಾಧಾಪುರ, ಗಚ್ಚಿಬೌಲಿ ಕಡೆಯ ಕೆರೆಯಂಚಿನ ಐಷಾರಾಮಿ ಫ್ಲ್ಯಾಟುಗಳ ಕುರಿತು ಪ್ರಕಟವಾಗುತ್ತಿರುವ ಬರಹಗಳನ್ನು ಓದುತ್ತಿದ್ದೇನೆ. ಬಾಲ್ಕನಿಯ ಕೆಳಗೆ ನೀಲಿ ನೀರು, ಎದುರಿಗೆ ದೀಪಾಲಂಕೃತ ಕೇಬಲ್ ಸೇತುವೆ, ಮಾಳಿಗೆಯ ಮೇಲೆ ಈಜುಕೊಳ: ಚಿತ್ರಗಳೇನೋ ಸೊಗಸಾಗಿವೆ. ಆದರೆ ಕೆರೆಯ ಗಡಿಯಿಂದ ಕಟ್ಟಡ ಎಷ್ಟು ಮೀಟರ್ ದೂರದಲ್ಲಿದೆ ಎಂಬುದನ್ನು ಯಾವ ಬರಹವೂ ಹೇಳುವುದಿಲ್ಲ. ಅದನ್ನು ಹೇಳದೆ ಇಂಥ ಬರಹ ಪ್ರಕಟಿಸಬಾರದೆಂಬುದು ನನ್ನ ವಿನಂತಿ.

ಪಕ್ಕದ ರಾಜ್ಯದ ಫ್ಲ್ಯಾಟಿನ ಗೊಡವೆ ಕಲಬುರಗಿಯವರಿಗೇಕೆ ಎಂದು ಕೇಳಬಹುದು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ನಮಗೆ ದೊಡ್ಡ ಆಸ್ಪತ್ರೆಗೂ, ಮದುವೆಯ ಜವಳಿಗೂ, ಈಗ ಮಕ್ಕಳ ಸಾಫ್ಟ್‌ವೇರ್ ನೌಕರಿಗೂ ಬೆಂಗಳೂರಿಗಿಂತ ಹತ್ತಿರದ ಊರು ಅದೇ. ಮಗನೋ ಮಗಳೋ ಅಲ್ಲಿ ಫ್ಲ್ಯಾಟ್ ಹಿಡಿಯುವಾಗ ಸೇಡಂ, ಚಿಂಚೋಳಿ ಕಡೆಯ ತೊಗರಿ ಹೊಲ ಮಾರಿ ಮುಂಗಡ ಹೊಂದಿಸುವವರು, ಬ್ಯಾಂಕ್ ಸಾಲಕ್ಕೆ ಜೊತೆಯಲ್ಲಿ ಸಹಿ ಹಾಕುವವರು ಇಲ್ಲಿನ ತಂದೆ-ತಾಯಿಗಳು. ಬೇಸಿಗೆಯಲ್ಲಿ ಭೀಮೆ ಬತ್ತಿ ನಳದ ನೀರಿಗೆ ದಿನಗಟ್ಟಲೆ ಕಾಯುವ ಊರಿನವರಿಗೆ ಕಿಟಕಿಯಲ್ಲೇ ಕೆರೆ ತೋರಿಸಿದರೆ ಮನಸ್ಸು ಸೋಲುವುದು ಸಹಜ; ಜಾಹೀರಾತು ಕೊಡುವವರಿಗೂ ಇದು ಗೊತ್ತಿರಬೇಕು.

ನಾನು ನೋಂದಣಿ ಕೆಲಸದಲ್ಲಿದ್ದು ನಿವೃತ್ತನಾದವನು. ಕ್ರಯಪತ್ರದ ಶೆಡ್ಯೂಲಿನಲ್ಲಿ ಫ್ಲ್ಯಾಟಿನ ಕಾರ್ಪೆಟ್ ವಿಸ್ತೀರ್ಣ (ಮನೆಯೊಳಗೆ ಬಳಕೆಗೆ ಸಿಗುವ ಜಾಗ), ಜಮೀನಿನಲ್ಲಿ ಬರುವ ಅವಿಭಜಿತ ಪಾಲು, ವಾಹನ ನಿಲುಗಡೆಯ ಜಾಗ, ಚಕ್ಕುಬಂದಿ ಎಲ್ಲವೂ ಬರುತ್ತವೆ. ಕೆರೆಯ ನೋಟ ಬರುವುದಿಲ್ಲ. ಆದರೂ ಕೆರೆಯ ಕಡೆ ಮುಖ ಮಾಡಿದ ಫ್ಲ್ಯಾಟಿಗೆ ಚದರಡಿಗೆ ಇಂತಿಷ್ಟೆಂದು ಹೆಚ್ಚಿನ ದರ ಹಾಕುತ್ತಾರೆ, ಮೇಲಿನ ಅಂತಸ್ತಿಗೆ ಹೋದಷ್ಟೂ ಅದು ಏರುತ್ತದೆ. ನಾಳೆ ಎದುರಿನ ಖಾಲಿ ಜಾಗದಲ್ಲಿ ಮತ್ತೊಂದು ಗಗನಚುಂಬಿ ಎದ್ದರೆ ಕೇಳುವ ಹಕ್ಕು ಯಾರಿಗೂ ಇಲ್ಲ. ಬೇರೆಯವರ ಜಾಗದ ಮೇಲಿನ ಅನುಭೋಗದ ಹಕ್ಕುಗಳನ್ನು ಹೇಳುವ 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ 20 ವರ್ಷ ಅಡೆತಡೆಯಿಲ್ಲದೆ ಅನುಭವಿಸಿದ ಗಾಳಿ-ಬೆಳಕಿಗೆ ಹಕ್ಕು ಸಾಧಿಸಬಹುದೇ ಹೊರತು, ಕಣ್ಣಿಗೆ ಕಂಡ ನೋಟಕ್ಕೆ ಹಾಗೆ ಹಕ್ಕು ಹುಟ್ಟುವುದಿಲ್ಲ. ಕಾಗದದಲ್ಲಿಲ್ಲದ ವಸ್ತುವಿಗೆ ಲಕ್ಷಗಟ್ಟಲೆ ಹಣ ತೆರುವ ವ್ಯವಹಾರ ಇದೊಂದೇ ಇರಬೇಕೇನೋ.

ನೋಟ ಹೋದರೆ ಹೋಗಲಿ, ಮನೆಯೇ ವ್ಯಾಜ್ಯಕ್ಕೆ ಸಿಕ್ಕಿದರೆ? ಕೋಡಿ ಬೀಳುವಷ್ಟು ತುಂಬಿದಾಗ ನೀರು ಎಲ್ಲಿಯವರೆಗೆ ನಿಲ್ಲುತ್ತದೆಯೋ ಅದೇ ಕೆರೆಯ ನಿಜವಾದ ಅಂಚು. ತೆಲಂಗಾಣದ ದಾಖಲೆಗಳಲ್ಲಿ ಇದನ್ನೇ ‘ಎಫ್‌ಟಿಎಲ್’ (ಫುಲ್ ಟ್ಯಾಂಕ್ ಲೆವೆಲ್, ಅಂದರೆ ತುಂಬು ಮಟ್ಟ) ಎನ್ನುತ್ತಾರೆ. 10 ಹೆಕ್ಟೇರ್ ಮತ್ತು ಅದಕ್ಕೂ ದೊಡ್ಡ ಕೆರೆಗಳಿಗೆ ಈ ಅಂಚಿನಿಂದ 30 ಮೀಟರ್, ಅದಕ್ಕಿಂತ ಚಿಕ್ಕವಕ್ಕೆ 9 ಮೀಟರ್ ಬಿಡಬೇಕೆಂಬುದು ಅಲ್ಲಿನ ಕಟ್ಟಡ ನಿಯಮ. ಏಪ್ರಿಲ್‌ನಲ್ಲಿ ಸೈಟ್ ನೋಡಲು ಹೋದವರಿಗೆ ನೀರು ಬಹಳ ಹಿಂದೆ ಸರಿದಿರುವುದರಿಂದ ಅಂತರ ಧಾರಾಳವಾಗಿರುವಂತೆ ತೋರುತ್ತದೆ. 2020ರ ಅಕ್ಟೋಬರ್ ಮಳೆಯಲ್ಲಿ ಹೈದರಾಬಾದಿನ ಹಲವು ಕೆರೆಗಳು ತುಂಬಿ ಬಡಾವಣೆಗಳಿಗೆ ನುಗ್ಗಿದಾಗ ನಿಜವಾದ ಅಂಚು ಎಲ್ಲಿದೆ ಎಂಬುದನ್ನು ಅಲ್ಲಿನವರು ಮನೆಯೊಳಗೇ ನಿಂತು ಕಂಡರು. 2024ರ ಜುಲೈನಲ್ಲಿ ತೆಲಂಗಾಣ ಸರ್ಕಾರ ‘ಹೈಡ್ರಾ’ ಎಂಬ ಸಂಸ್ಥೆ ಸ್ಥಾಪಿಸಿ ಕೆರೆ ಒತ್ತುವರಿ ತೆರವಿಗೆ ಇಳಿಯಿತು. ಮುಂದಿನ ತಿಂಗಳೇ ಮಾಧಾಪುರದ ದುರ್ಗಂ ಚೆರುವಿನ ಸುತ್ತಲಿನ, ಬಹುಕಾಲದಿಂದ ಜನ ವಾಸವಾಗಿರುವ ಮನೆಗಳ ಮೇಲೂ ಕಂದಾಯ ಅಧಿಕಾರಿಗಳ ನೋಟಿಸ್ ಬಿತ್ತು. ಒಂದು ಕಾಲಕ್ಕೆ ಗೋಲ್ಕೊಂಡ ಕೋಟೆಗೆ ಕುಡಿಯುವ ನೀರು ಕೊಟ್ಟ ಕೆರೆ ಅದು. ಪುರವಣಿಯ ಚಿತ್ರಗಳಲ್ಲಿ ಕಾಣುವ ಸೇತುವೆಯೂ ಅದರ ಮೇಲಿನದೇ.

ಕೇರಳದ ಕೊಚ್ಚಿ ಬಳಿಯ ಮರಡು ಇನ್ನೂ ಕಠೋರವಾದ ಉದಾಹರಣೆ. ಹಿನ್ನೀರಿನ ದಡದಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿ ಕಟ್ಟಿದ್ದ ನಾಲ್ಕು ಐಷಾರಾಮಿ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಉರುಳಿಸಲಾಯಿತು. ಅವಕ್ಕೂ ಸ್ಥಳೀಯ ಸಂಸ್ಥೆಯ ಪರವಾನಗಿ ಇತ್ತು, ಕೊಂಡವರ ಕೈಯಲ್ಲಿ ನೋಂದಾಯಿತ ಕ್ರಯಪತ್ರಗಳಿದ್ದವು. ಅವರಿಗೆ ಕೋರ್ಟ್ ಗೊತ್ತುಪಡಿಸಿದ ಮಧ್ಯಂತರ ಪರಿಹಾರ ಫ್ಲ್ಯಾಟಿಗೆ ತಲಾ 25 ಲಕ್ಷ ರೂಪಾಯಿ. ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಕಟ್ಟಡ ಸಕ್ರಮವಾಗಿದೆ ಎಂದು ತಿಳಿಯಬಾರದೆಂದು ಕಚೇರಿಯಲ್ಲಿ ಎಷ್ಟು ಜನರಿಗೆ ಹೇಳಿದರೂ, ಮೊಹರು ಬಿದ್ದ ಕಾಗದದ ಮೇಲಿನ ನಂಬಿಕೆ ನಮ್ಮವರಿಗೆ ಹೋಗುವುದಿಲ್ಲ.

ಕಾನೂನಿನ ಆಸರೆ ಇಲ್ಲವೆಂದಲ್ಲ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ನೋಂದಣಿಯಾಗಬೇಕಾದ ಯೋಜನೆಯನ್ನು ಅದಿಲ್ಲದೆ ಜಾಹೀರಾತು ಮಾಡುವಂತಿಲ್ಲ. ಮಾರಾಟದ ಕರಾರು ನೋಂದಾಯಿಸದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಸುಳ್ಳು ಜಾಹೀರಾತು ನಂಬಿ ಹಣ ಕೊಟ್ಟು ನಷ್ಟಕ್ಕೊಳಗಾದವರು ಯೋಜನೆಯಿಂದ ಹಿಂದೆ ಸರಿದು ಕೊಟ್ಟದ್ದನ್ನು ಬಡ್ಡಿಸಹಿತ ಕೇಳಬಹುದು. ಆದ್ದರಿಂದ ‘ಕೆರೆಗೆ ಮುಖ’ ಎಂಬ ಮಾತು ನಿಜವಾಗಿದ್ದರೆ ಅದನ್ನು ಕರಾರಿನಲ್ಲೇ ಬರೆಸಿಕೊಳ್ಳಿ ಎಂದು ಓದುಗರಿಗೆ ತಿಳಿಸುವುದರಿಂದ ಪತ್ರಿಕೆಗೆ ನಷ್ಟವೇನಿಲ್ಲ.

ಪತ್ರಿಕೆಗೆ ಜಾಹೀರಾತಿನ ಆದಾಯ ಬೇಕೆಂಬುದನ್ನು ಬಲ್ಲೆ, ನಿಲ್ಲಿಸಿ ಎನ್ನುವುದಿಲ್ಲ. ಹಣ ಪಡೆದು ಹಾಕಿದ ಬರಹದ ಮೇಲೆ ‘ಜಾಹೀರಾತು’ ಎಂದು ಕಾಣುವಂತೆ ಮುದ್ರಿಸಿ. ಸುದ್ದಿ ಬೇರೆ, ಜಾಹೀರಾತು ಬೇರೆ ಎಂದು ಓದುಗರಿಗೆ ಸ್ಪಷ್ಟವಾಗಬೇಕೆಂಬುದು ಭಾರತೀಯ ಪತ್ರಿಕಾ ಮಂಡಳಿಯ ನಿಯಮವೂ ಹೌದು. ಬರಹದ ಬುಡದಲ್ಲಿ ರೇರಾ ಸಂಖ್ಯೆ, ಕಾರ್ಪೆಟ್ ವಿಸ್ತೀರ್ಣ, ಕೆರೆಯ ತುಂಬು ಮಟ್ಟದ ಗಡಿಯಿಂದ ಕಟ್ಟಡಕ್ಕಿರುವ ಅಂತರ, ಆ ಗಡಿಯನ್ನು ಅಳೆದು ದೃಢೀಕರಿಸಿದ ಇಲಾಖೆಯ ಹೆಸರು ಇರಲಿ. ಇವನ್ನು ಕೊಡಲು ಒಪ್ಪದ ಬಿಲ್ಡರ್‌ನ ಬರಹವನ್ನು ಹಿಂದಿರುಗಿಸಿ. ಕಲಬುರಗಿಯ ಕೆರೆಗಳ ಆಸುಪಾಸಿನ ಲೇಔಟುಗಳ ಜಾಹೀರಾತಿಗೂ ಇದೇ ನಿಯಮ ಅನ್ವಯವಾಗಲಿ. ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಕೂಡದೆಂದು ನಮ್ಮ ರಾಜ್ಯವೇ 2014ರಲ್ಲಿ ಕಾಯ್ದೆ ಮಾಡಿತು. ಕೆರೆಯ ವಿಸ್ತೀರ್ಣ ನೋಡಿ ಆ ಅಂತರವನ್ನು ತಗ್ಗಿಸುವ ಮಸೂದೆಯನ್ನು 2025ರಲ್ಲಿ ತಂದದ್ದೂ ಇದೇ ರಾಜ್ಯ. ಆ ಮಸೂದೆಯಿಂದ ಅಪ್ಪನ ಕೆರೆಯಂಥ ನಮ್ಮ ಊರಿನ ಕೆರೆಗಳ ಅಂಚಿಗೆ ಏನಾಗುತ್ತದೆ ಎಂಬುದನ್ನು ತಮ್ಮ ಜಿಲ್ಲಾ ವರದಿಗಾರರು ಸರ್ವೆ ನಕಾಶೆ ಇಟ್ಟುಕೊಂಡು ಬರೆದರೆ, ಅದನ್ನು ಅದೇ ಪುರವಣಿಯ ಮುಖಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನೌಕರ, ಕಲಬುರಗಿ