ಮಗಳಿಗೊಂದು ಪತ್ರ: ಕಡ್ಲೆ ಯಾಕೆ ಕಚ್ಚಿತು

ಮೈಸೂರು, ಏಪ್ರಿಲ್

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಮ್ಮ ಕಡ್ಲೆಯ, ಆ ಇಲಿಯಂಥ ಪುಟ್ಟ ಹ್ಯಾಮ್‌ಸ್ಟರ್‌ನ, ವಿಷಯ ಕೇಳಿದೆಯಲ್ಲ, "ಅಮ್ಮಾ, ಕಡ್ಲೆಗೆ ನಾನು ಇಷ್ಟ ಇಲ್ವಾ?" ಅಂತ. ಅಷ್ಟರಲ್ಲಿ ಅಜ್ಜಿ ನಿನ್ನನ್ನು ಊಟಕ್ಕೆ ಕರೆದರು, ಮಾತು ಅಲ್ಲಿಗೇ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ.

ಮಂಡ್ಯಕ್ಕೆ ಹೊರಡುವ ಹಿಂದಿನ ದಿನ ಅದು ನಿನ್ನ ಬೆರಳು ಕಚ್ಚಿತಲ್ಲ, ಆ ಹೊತ್ತನ್ನು ನೆನಪಿಸಿಕೋ. ಸಂಜೆ ನಾಲ್ಕು ಗಂಟೆ. ನೀನು ಮಾವಿನಹಣ್ಣು ತಿಂದು ಕೈ ಒರೆಸಿಕೊಂಡಿದ್ದೆ, ತೊಳೆದಿರಲಿಲ್ಲ. ಕಡ್ಲೆ ಒಳ್ಳೆ ನಿದ್ದೆಯಲ್ಲಿತ್ತು. ಅದಕ್ಕೆ ನಮ್ಮ ಹಗಲೇ ರಾತ್ರಿ. ಕಣ್ಣು ಮಂದ, ಎಲ್ಲವನ್ನೂ ಮೂಗಿನಿಂದಲೇ ತಿಳಿಯುತ್ತದೆ. ಇವುಗಳ ಮೂಲ ಮಂಗೋಲಿಯಾ ಕಡೆಯ ಒಣ ಬಯಲು. ಅಲ್ಲಿ ಮೇಲಿನಿಂದ ಎರಗುವುದು ಗಿಡುಗ, ಗೂಬೆ. ಮಲಗಿದ್ದಾಗ ಮೇಲಿನಿಂದ ಏನೋ ಬಂದು ಹಿಡಿಯಿತು, ಜೊತೆಗೆ ಹಣ್ಣಿನ ವಾಸನೆ. ಅಂಗೈಯಲ್ಲಿ ಅಡಗುವಷ್ಟು ಜೀವ ಇನ್ನೇನು ಮಾಡೀತು ಹೇಳು?

ಆಗ ನಾನು "ಅಂಗಡಿಗೆ ವಾಪಸ್ ಕೊಟ್ಟುಬಿಡೋಣ" ಅಂದೆ. ಆ ಮಾತು ಆಡಬಾರದಿತ್ತು ಕಂದ. ನೀನು ಅಳುತ್ತಿದ್ದೆ, ನನಗೂ ಗಾಬರಿಯಾಗಿತ್ತು.

ಅಂಗಡಿಯವರು "ಮಡಿಲಲ್ಲಿ ಕೂರುತ್ತೆ, ಮುದ್ದು ಮಾಡಬಹುದು" ಅಂದಿದ್ದರು. ಹಾಗೆ ಕೂರುವ ಪ್ರಾಣಿ ಅಲ್ಲ ಅದು. ಡ್ವಾರ್ಫ್ ಅನ್ನುವ ಕುಳ್ಳ ಹ್ಯಾಮ್‌ಸ್ಟರ್‌ಗಳಲ್ಲಿ ಬಿಳಿ ಹುಬ್ಬಿನ ರೋಬೊ ಅನ್ನುವ ಜಾತಿ ಅಂತೂ ಮಿಂಚಿನ ಹಾಗೆ ಓಡುತ್ತದೆ, ಕೈಗೆ ಸಿಗುವುದೇ ಕಷ್ಟ. ನಮ್ಮದು ಬೆನ್ನ ಮೇಲೆ ಕಪ್ಪು ಗೆರೆ ಇರುವ ಕ್ಯಾಂಪ್‌ಬೆಲ್. ನಿಧಾನವಾಗಿ ಪಳಗುತ್ತದೆ. ಆದರೆ ಅದರ ಮನೆಯೊಳಗೆ ಸುಮ್ನೆ ಕೈ ತೂರಿಸಿದರೆ ಸಹಿಸುವುದಿಲ್ಲ.

ಈ ವಾರ ದಿನಾ ರಾತ್ರಿ ಒಂಬತ್ತಕ್ಕೆ ಕೈ ತೊಳೆದು, ಅಂಗೈ ಮೇಲೆ ಒಂದು ಸೂರ್ಯಕಾಂತಿ ಬೀಜ ಇಟ್ಟು ಸುಮ್ಮನೆ ಕೂತಿದ್ದೆ. ಎರಡು ದಿನ ಹತ್ತಿರ ಬರಲಿಲ್ಲ. ಮೂರನೇ ದಿನ ಬೀಜ ಕಸಿದು ಕೆನ್ನೆಯೊಳಗೆ ತುಂಬಿಕೊಂಡು ಓಡಿತು. ನಿನ್ನೆ ಕೈ ಮೇಲೇ ಕೂತು ತಿಂದಿತು ಪುಟ್ಟಿ! ಅದರ ಕಾಲು ಎಷ್ಟು ತಣ್ಣಗಿದೆ ಗೊತ್ತಾ? ನಾನು ಉಸಿರು ಬಿಗಿ ಹಿಡಿದಿದ್ದೆ. ನೀನು ಬಂದ ಮೇಲೂ ಹೀಗೇ ಶುರು ಮಾಡೋಣ. ಎತ್ತಲೇಬೇಕಾದರೆ ನೆಲದ ಮೇಲೆ ಕೂತು, ಲೋಟದೊಳಗೆ ಹತ್ತಿಸಿಕೊಂಡು ಎತ್ತು. ಎತ್ತರದಿಂದ ಬಿದ್ದರೆ ಅದರ ಮೂಳೆ ಉಳಿಯುವುದಿಲ್ಲ.

ಅಂಗಡಿಯಿಂದ ತಂದ ತಂತಿ ಪಂಜರ ತೆಗೆದೆ. ಈಗ ದೊಡ್ಡ ಪ್ಲಾಸ್ಟಿಕ್ ಡಬ್ಬ, ಮುಚ್ಚಳದ ಜಾಗಕ್ಕೆ ಜಾಲರಿ, ಒಳಗೆ ಒಂದು ಗೇಣು ಹರಿದ ಕಾಗದ. ಅಪ್ಪ ಅದು ಓಡಲು ಎಂಟು ಇಂಚಿನ ಚಕ್ರ ತಂದರು, ಕಂಬಿ ಇಲ್ಲದ್ದು. ಕಂಬಿ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುತ್ತಂತೆ. ಹತ್ತಿಯನ್ನೂ ತೆಗೆದೆ, ಎಳೆ ಕಾಲಿಗೆ ಸುತ್ತಿಕೊಂಡರೆ ಕಷ್ಟ.

ನನಗೆ ಜಾಸ್ತಿ ಚಿಂತೆ ಬಿಸಿಲಿನದು. ಇಲ್ಲಿ ಮಧ್ಯಾಹ್ನ 35 ಡಿಗ್ರಿ ದಾಟುತ್ತಿದೆ. ಕಡ್ಲೆಗೆ ಇಪ್ಪತ್ತರ ಮೇಲೆ ಮೂರ್ನಾಲ್ಕು ಡಿಗ್ರಿ ಇದ್ದರೆ ಹಿತ. ಡಬ್ಬವನ್ನು ಕಿಟಕಿಯಿಂದ ತೆಗೆದು ದೇವರ ಮನೆ ಪಕ್ಕದ ತಣ್ಣನೆ ನೆಲದಲ್ಲಿಟ್ಟಿದ್ದೇನೆ. ಐಸ್ ಮಾಡಿದ ನೀರಿನ ಬಾಟಲಿಗೆ ಟವೆಲ್ ಸುತ್ತಿ ಹೊರಗಿನಿಂದ ಒರಗಿಸುತ್ತೇನೆ. ಒಳಗೊಂದು ಟೈಲ್ ತುಂಡು ಹಾಕಿದ್ದೆ. ಈಗ ಹಗಲೆಲ್ಲ ಅದರ ಮೇಲೇ ಹೊಟ್ಟೆ ಚಾಚಿ ಮಲಗಿರುತ್ತದೆ.

ತಾತ ಕಡ್ಲೆಗೆಂದು ಅಚ್ಚುಬೆಲ್ಲ ಕಳಿಸುತ್ತೇನೆ ಅಂದರಂತೆ. ಬೇಡ ಅನ್ನು, ಬೇಜಾರಾಗದ ಹಾಗೆ ಹೇಳು. ಈ ಜಾತಿಗೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ಹಣ್ಣೂ ಬೇಡ. ಸೌತೆಕಾಯಿಯ ಸಣ್ಣ ಚೂರು ಸಾಕು.

ಇದರ ಆಯಸ್ಸು ಹೆಚ್ಚೆಂದರೆ ಎರಡು ವರ್ಷದ ಆಸುಪಾಸು. ನಿನಗೆ ಇದನ್ನು ಮೊದಲೇ ಹೇಳಬೇಕಿತ್ತು. ಬಂದಾಗ ಇನ್ನೂ ಮಾತಾಡೋಣ.

ತಾತನ ಹತ್ತಿರ ಬೆಲ್ಲದ ಬದಲು ಒಂದು ಹಿಡಿ ರಾಗಿ ಕೇಳು. ತೆನೆ ಉಳಿದಿದ್ದರೆ ಇನ್ನೂ ಒಳ್ಳೆಯದು, ಔಷಧಿ ಹೊಡೆಯದ್ದು. ಅದನ್ನು ನೀನೇ ಕೊಡುವೆಯಂತೆ, ರಾತ್ರಿ ಒಂಬತ್ತಕ್ಕೆ.

ನಿನ್ನ
ಅಮ್ಮ