ಕಂಪ್ಯೂಟರ್ ಸೈನ್ಸ್ ಸೀಟಿಗೆ ತಯಾರಿ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಪೈಪೋಟಿ ಜಾಸ್ತಿ ಇರುವ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದಬೇಕು ಅನ್ನುವುದು ನಿಮ್ಮ ಮಕ್ಕಳ ಆಸೆ. ಯಾವ ಕೋಡಿಂಗ್ ಕ್ಲಾಸಿಗೆ ಸೇರಿಸೋಣ ಎಂದು ನಿಮ್ಮಲ್ಲಿ ಹಲವರು ಕೇಳುತ್ತಿದ್ದೀರಿ. ನಾನು ಹೇಳುವುದು ಇಷ್ಟೇ: ಮೊದಲು ಗಣಿತ ಗಟ್ಟಿಯಾಗಲಿ.

ಮೊದಲ ವರ್ಷದ ಪಠ್ಯಕ್ರಮವನ್ನು ಒಮ್ಮೆ ತೆಗೆದು ನೋಡಿ. ತರ್ಕ, ಗಣಗಳು, ಸಂಭವನೀಯತೆ, ಮ್ಯಾಟ್ರಿಕ್ಸ್, ಗಣಿತದ ಸಾಧನೆ (ಒಂದು ಮಾತು ಯಾಕೆ ನಿಜ ಎಂದು ಹಂತಹಂತವಾಗಿ ತೋರಿಸುವುದು) ಬರೆಯುವುದು ಇವೇ ಹೆಚ್ಚು. ಪ್ರೋಗ್ರಾಮಿಂಗ್ ಇದ್ದೇ ಇರುತ್ತದೆ, ಆದರೆ ಅದನ್ನು ಎಷ್ಟೋ ಕಡೆ ಮೊದಲಿನಿಂದ ಕಲಿಸುತ್ತಾರೆ. ಗಣಿತ ಮಾತ್ರ ಚೆನ್ನಾಗಿ ಬರುತ್ತದೆ ಎಂದುಕೊಂಡೇ ಪಾಠ ಶುರುವಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 252 ಮತ್ತು 105ರ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಕಂಡುಹಿಡಿಯಬೇಕು. 252ನ್ನು 105ರಿಂದ ಭಾಗಿಸಿದರೆ ಶೇಷ 42. 105ನ್ನು 42ರಿಂದ ಭಾಗಿಸಿದರೆ ಶೇಷ 21. 42ನ್ನು 21ರಿಂದ ಭಾಗಿಸಿದರೆ ಶೇಷ ಸೊನ್ನೆ. ಉತ್ತರ 21. ಕ್ರಿ.ಪೂ. 300ರ ಸುಮಾರಿಗೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಬರೆದಿಟ್ಟ ವಿಧಾನ ಇದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕೈದು ಸಾಲು ಸಾಕು. ಮಕ್ಕಳು ಬೇಗ ಬರೆದು ತೋರಿಸುತ್ತಾರೆ. ಆಗ ಕೇಳಬೇಕು: ಯಾವ ಎರಡು ಪೂರ್ಣ ಸಂಖ್ಯೆ ಕೊಟ್ಟರೂ ಇದು ನಿಲ್ಲುತ್ತದೆಯೇ? ಸುಮ್ನೆ ಸುತ್ತುತ್ತಲೇ ಇರುವುದಿಲ್ಲ ಎಂದು ಹೇಗೆ ಗೊತ್ತು? ಇಲ್ಲಿ ಬಹಳ ಮಕ್ಕಳು ತಡವರಿಸುತ್ತಾರೆ. ಪ್ರತಿ ಸಲವೂ ಶೇಷ ಚಿಕ್ಕದಾಗುತ್ತಾ ಹೋಗುತ್ತದೆ, ಸೊನ್ನೆಗಿಂತ ಕೆಳಗೆ ಇಳಿಯುವಂತಿಲ್ಲ, ಹಾಗಾಗಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಈ ಎರಡು ಮಾತನ್ನು ತಾನಾಗಿ ಹುಡುಕಿಕೊಂಡ ಮಗುವಿನ ಮುಖ ನೋಡಬೇಕು ನೀವು! ಸಂದರ್ಶನ ಇರುವ ಕಡೆ ಪರೀಕ್ಷಕರು ಹುಡುಕುವುದೂ ಇಂಥ ಯೋಚನೆಯನ್ನೇ. ಉತ್ತರ ತಪ್ಪಿದರೂ ಪರವಾಗಿಲ್ಲ, ಯೋಚಿಸಿದ್ದನ್ನು ಬಾಯಿಬಿಟ್ಟು ಹೇಳಬೇಕು.

ಇದಕ್ಕೆ ಮನೆಯಲ್ಲಿ ನೀವು ಮಾಡಬಹುದಾದದ್ದು ಬಹಳ ಇದೆ, ಕಂಪ್ಯೂಟರ್ ಬರದಿದ್ದರೂ. ಒಂದೇ ಲೆಕ್ಕದ ಮುಂದೆ ಗಂಟೆಗಟ್ಟಲೆ ಕೂತಿದ್ದರೆ ಸಮಯ ಹಾಳಾಯಿತು ಅನ್ನಬೇಡಿ. ಹಾಗೆ ಸಿಕ್ಕಿಹಾಕಿಕೊಂಡು ಹೊರಬರುವುದನ್ನೇ ಅವರು ಕಲಿಯಬೇಕು. ಆಮೇಲೆ "ಹೇಗೆ ಮಾಡಿದೆ, ನನಗೂ ಹೇಳು" ಎಂದು ಕೇಳಿ. ನಿಮಗೆ ಅರ್ಥವಾಗುವಂತೆ ಹೇಳಲು ಬಂದರೆ ಅವರಿಗೂ ಅರ್ಥವಾಗಿದೆ ಎಂದೇ ಲೆಕ್ಕ.

ಪ್ರಮಾಣಪತ್ರಗಳನ್ನು ಗುಡ್ಡೆ ಹಾಕುವುದು ಬೇಡ. ಹತ್ತು ಆನ್‌ಲೈನ್ ಕೋರ್ಸ್‌ಗಿಂತ ತಾನೇ ಶುರುಮಾಡಿ ಮುಗಿಸಿದ ಒಂದು ಸಣ್ಣ ಪ್ರೋಗ್ರಾಂ ಮೇಲು. ಎಐ ಬರೆದುಕೊಟ್ಟ ಕೋಡ್ ಬಗ್ಗೆಯೂ ಒಂದು ಮಾತು. ಅದನ್ನು ಓದಿ ಕಲಿಯಲಿ, ಬೇಡ ಅನ್ನುವುದಿಲ್ಲ. ಆದರೆ ಒಂದೊಂದು ಸಾಲೂ ಯಾಕಿದೆ ಎಂದು ವಿವರಿಸಲು ಬಾರದ ಕೋಡನ್ನು ತನ್ನದೆಂದು ಅರ್ಜಿಯಲ್ಲಿ ಬರೆಯಬಾರದು. ಅದು ಪ್ರಾಮಾಣಿಕತೆಯ ಪ್ರಶ್ನೆ, ಮೇಲಾಗಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಸ್ವಪರಿಚಯದ ಬರಹಕ್ಕೂ ಇದೇ ಮಾತು. "ಚಿಕ್ಕಂದಿನಿಂದ ಕಂಪ್ಯೂಟರ್ ಅಂದರೆ ಇಷ್ಟ" ಎಂದು ಎಲ್ಲರೂ ಬರೆಯುತ್ತಾರೆ, ಅಲ್ವಾ? ಏನು ಮಾಡಿದೆ, ಎಲ್ಲಿ ತೊಡಕಾಯಿತು, ಹೇಗೆ ಬಿಡಿಸಿದೆ, ಅದನ್ನು ಬರೆಯಲಿ. ಕಾಗುಣಿತ ನೀವು ನೋಡಿಕೊಡಿ. ವಾಕ್ಯ ಅವರದೇ ಇರಲಿ.

ಕೆಲವು ಕೋರ್ಸ್‌ಗಳಿಗೆ ಪ್ರತ್ಯೇಕ ಪ್ರವೇಶ ಪರೀಕ್ಷೆ ಇರುತ್ತದೆ. ಅದರ ನೋಂದಣಿ ಅರ್ಜಿಯ ಕೊನೆಯ ದಿನಕ್ಕಿಂತ ಮೊದಲೇ ಮುಗಿಯಬಹುದು. ಪ್ರತಿ ವಿಶ್ವವಿದ್ಯಾಲಯದ ದಿನಾಂಕಗಳನ್ನು ಈಗಲೇ ಬರೆದಿಟ್ಟುಕೊಳ್ಳಿ.

ಇಂಥ ಕೋರ್ಸ್‌ಗಳಲ್ಲಿ ತುಂಬಾ ಒಳ್ಳೆಯ ಮಕ್ಕಳಿಗೂ ಸೀಟು ಸಿಗದೆ ಹೋಗುತ್ತದೆ. ಗಣಿತ, ಸಂಖ್ಯಾಶಾಸ್ತ್ರ, ಎಲೆಕ್ಟ್ರಾನಿಕ್ಸ್ ಓದಿಯೂ ಇದೇ ಕ್ಷೇತ್ರಕ್ಕೆ ಬರಬಹುದು. ಇಷ್ಟಪಟ್ಟು ಓದಬಲ್ಲ ಒಂದೆರಡು ಕೋರ್ಸ್‌ಗಳನ್ನೂ ಪಟ್ಟಿಗೆ ಸೇರಿಸಿ. ಆ ಪಟ್ಟಿ ಹಿಡಿದುಕೊಂಡು ಮಗುವಿನ ಜೊತೆ ನನ್ನ ಕೋಣೆಗೆ ಬನ್ನಿ, ಕೂತು ಮಾತಾಡೋಣ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ