ಬ್ಯಾಂಕು, ಮೈದಾನ ಮತ್ತು ಅಜಿಕಿವೆ

ಮಾನ್ಯ ಸಂಪಾದಕರೇ,

ಆಫ್ರಿಕಾದ ಸ್ವಾತಂತ್ರ್ಯ ಹೋರಾಟದ ಕುರಿತ ಲೇಖನಗಳಲ್ಲಿ ನಾಮ್ಡಿ ಅಜಿಕಿವೆಯವರನ್ನು ‘ನೈಜೀರಿಯಾದ ಮೊದಲ ಅಧ್ಯಕ್ಷ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದನ್ನು ಹಲವು ಸಲ ಕಂಡಿದ್ದೇನೆ. 1963ರಲ್ಲಿ ಆ ಪದವಿ ಬರುವುದಕ್ಕೆ ಎಷ್ಟೋ ಮೊದಲೇ ಅವರು ಪತ್ರಿಕೆ, ಫುಟ್‌ಬಾಲ್ ತಂಡ ಮತ್ತು ಬ್ಯಾಂಕು ಕಟ್ಟಿದ ಉದ್ಯಮಿಯಾಗಿದ್ದರು. ಆ ಭಾಗವನ್ನು ಬಿಟ್ಟರೆ ಅವರ ಪರಿಚಯ ಅರ್ಧಕ್ಕೇ ನಿಲ್ಲುತ್ತದೆ.

ಅಮೆರಿಕದಲ್ಲಿ ಓದಿ ಬಂದ ಅಜಿಕಿವೆ 1937ರಲ್ಲಿ ಲಾಗೋಸಿನಲ್ಲಿ ‘ವೆಸ್ಟ್ ಆಫ್ರಿಕನ್ ಪೈಲಟ್’ ಪತ್ರಿಕೆಯನ್ನು ಆರಂಭಿಸಿದರು. ಮರುವರ್ಷವೇ, ಜನ ತಮ್ಮನ್ನು ಕರೆಯುತ್ತಿದ್ದ ‘ಜಿಕ್’ ಎಂಬ ಕಿರುಹೆಸರಿನಲ್ಲೇ ‘ಜಿಕ್ಸ್ ಅಥ್ಲೆಟಿಕ್ ಕ್ಲಬ್’ ಕಟ್ಟಿ, ಯಾವ ಜನಾಂಗದವರಿಗಾದರೂ ಅದರ ಬಾಗಿಲು ತೆರೆದಿಟ್ಟರು. ಕ್ಲಬ್ಬಿನ ಫುಟ್‌ಬಾಲ್ ತಂಡ 1942ರಲ್ಲಿ ಲಾಗೋಸಿನ ವಾರ್ ಮೆಮೋರಿಯಲ್ ಕಪ್ ಗೆದ್ದಿತು. ಆದರೆ ಕಪ್ಪಿಗಿಂತ ದೊಡ್ಡದು ಮಹಾಯುದ್ಧದ ವರ್ಷಗಳಲ್ಲಿ ಆ ತಂಡ ಕೈಗೊಂಡ ಪ್ರವಾಸ. ಯುದ್ಧನಿಧಿಗಾಗಿ ಆಡುವ ಪಂದ್ಯಕ್ಕೆ ಬ್ರಿಟಿಷ್ ಸರಕಾರ ಅಡ್ಡಿ ಹೇಳುವಂತಿರಲಿಲ್ಲ. ಆಟ ನೋಡಲು ಸೇರಿದ ಅದೇ ಜನರ ಮುಂದೆ ಅಜಿಕಿವೆ ಸ್ವರಾಜ್ಯದ ಮಾತಾಡುತ್ತಿದ್ದರು. ಮೊಗ್ರಾಲಿನಂಥ ಫುಟ್‌ಬಾಲ್ ಊರಿನ ಪಕ್ಕದಲ್ಲೇ ಬೆಳೆದ ನನಗೆ, ಮೈದಾನದ ಸುತ್ತ ನೆರೆದ ಜನಸ್ತೋಮಕ್ಕಿರುವ ಬಲವೇನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬೇಸಿಗೆಯ ಸೆವೆನ್ಸ್ (ಏಳೇಳು ಮಂದಿಯ ಫುಟ್‌ಬಾಲ್) ಪಂದ್ಯಗಳಿಗೆ ಬರುವ ಆಫ್ರಿಕನ್ ಆಟಗಾರರನ್ನೆಲ್ಲ ನಮ್ಮಲ್ಲಿ ‘ಸುಡಾನಿ’ ಎಂದೇ ಕರೆಯುವ ರೂಢಿಯಿದೆ, ಅದು ಸರಿಯಲ್ಲ. ಒಮ್ಮೆ ಗ್ಯಾಲರಿಯ ಕೆಳಗೆ ಕುಳಿತು ಕಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ ಹುಡುಗನೊಬ್ಬನ ಊರು ಕೇಳಿದೆ. ‘ಒನಿತ್ಶಾ’ ಎಂದ. ಅದು ಅಜಿಕಿವೆಯವರ ಪೂರ್ವಿಕರ ಊರು. ನಾನು ‘ಜಿಕ್’ ಎಂದೊಡನೆ ಅವನು ಪಟ್ಟಿಯನ್ನು ಅಲ್ಲಿಗೇ ಬಿಟ್ಟು ನನ್ನ ಕೈ ಹಿಡಿದುಕೊಂಡ.

ಇನ್ನು ಬ್ಯಾಂಕು. ವಸಾಹತು ಕಾಲದ ಬ್ರಿಟಿಷ್ ಬ್ಯಾಂಕುಗಳು ಆಫ್ರಿಕನ್ನರ ಠೇವಣಿ ಪಡೆಯುತ್ತಿದ್ದವು, ಸಾಲ ಕೊಡಲು ಮಾತ್ರ ಹಿಂಜರಿಯುತ್ತಿದ್ದವು. ಅಜಿಕಿವೆ 1944ರಲ್ಲಿ ಟಿನುಬು ಬ್ಯಾಂಕೆಂಬ ಸಣ್ಣ ಸಂಸ್ಥೆಯನ್ನು ಕೊಂಡುಕೊಂಡರು. ಅದೇ ಮುಂದೆ ಆಫ್ರಿಕನ್ ಕಾಂಟಿನೆಂಟಲ್ ಬ್ಯಾಂಕ್ ಆಯಿತು. ನಮ್ಮ ಕರಾವಳಿಯಲ್ಲೇ ಹುಟ್ಟಿದ ಬ್ಯಾಂಕೊಂದರಲ್ಲಿ ದುಡಿದವನು ನಾನು. ಸಂಜೆ ಪಿಗ್ಮಿ ಸಂಗ್ರಾಹಕರು ಚೀಲ ಬಿಚ್ಚಿ ಮೇಜಿನ ಮೇಲೆ ಸುರಿಯುತ್ತಿದ್ದ ನಾಲ್ಕಾಣೆ, ಎಂಟಾಣೆಗಳನ್ನು ಎಣಿಸಿ ಜೋಡಿಸಿದ ನನಗೆ, ಊರಿನವರ ದುಡ್ಡು ಊರಿನವರಿಗೇ ಸಾಲವಾಗಿ ಸಿಗಬೇಕೆಂಬ ಅವರ ಹಟ ಚೆನ್ನಾಗಿ ಅರ್ಥವಾಗುತ್ತದೆ.

ಆದರೆ ಬ್ಯಾಂಕಿನವನಾಗಿಯೇ ಇನ್ನೊಂದು ಮಾತನ್ನೂ ಹೇಳಲೇಬೇಕು. ಅಜಿಕಿವೆ ನೈಜೀರಿಯಾದ ಪೂರ್ವ ಪ್ರಾಂತ್ಯದ ಪ್ರಧಾನಿಯಾಗಿದ್ದಾಗ ಅವರ ಸರಕಾರ ಸಾರ್ವಜನಿಕ ಹಣವನ್ನು ಅವರದೇ ಹಿತಾಸಕ್ತಿಯಿದ್ದ ಈ ಬ್ಯಾಂಕಿನಲ್ಲಿ ತೊಡಗಿಸಿತು. 1956ರಲ್ಲಿ ನೇಮಕಗೊಂಡ ಫೋಸ್ಟರ್-ಸಟನ್ ವಿಚಾರಣಾ ಮಂಡಳಿ ಅವರ ನಡೆಯನ್ನು ಆಕ್ಷೇಪಿಸಿತು. ಬಳಿಕ ಅವರು ಬ್ಯಾಂಕಿನಲ್ಲಿದ್ದ ತಮ್ಮ ಹಕ್ಕನ್ನು ಪ್ರಾಂತ್ಯ ಸರಕಾರಕ್ಕೆ ಬಿಟ್ಟುಕೊಟ್ಟರು. 1957ರ ಚುನಾವಣೆಯಲ್ಲಿ ಅವರ ಪಕ್ಷವೇ ಗೆದ್ದಿತು. ಬ್ರಿಟಿಷ್ ಬ್ಯಾಂಕುಗಳ ಹಿಡಿತ ಮುರಿಯುವುದೇ ತಮ್ಮ ಉದ್ದೇಶವೆಂದು ಅವರು ಸಮರ್ಥಿಸಿಕೊಂಡಿದ್ದರು. ಉದ್ದೇಶವನ್ನು ನಾನು ನಂಬುತ್ತೇನೆ. ಆದರೆ ಖಜಾನೆಯ ಕೀಲಿಕೈಯೂ ಬ್ಯಾಂಕಿನ ಒಡೆತನವೂ ಒಬ್ಬರ ಬಳಿಯೇ ಇದ್ದದ್ದನ್ನು ಒಪ್ಪಲಾರೆ. ಗೆಲುವಿನಿಂದ ಆ ಲೋಪ ಅಳಿಯುವುದಿಲ್ಲ.

ತಮ್ಮ ಪತ್ರಿಕೆಯಲ್ಲಿ ಇನ್ನು ಮುಂದೆ ಅಜಿಕಿವೆಯವರ ಬಗ್ಗೆ ಬರೆಯುವವರು ಅವರ ಮೈದಾನಕ್ಕೂ ಬ್ಯಾಂಕಿಗೂ, ಆ ವಿಚಾರಣೆಗೂ ನಾಲ್ಕು ಸಾಲಿನ ಜಾಗ ಕೊಡಬೇಕೆಂದು ವಿನಂತಿ.

– ನಿವೃತ್ತ ಬ್ಯಾಂಕ್ ನೌಕರ, ಕುಂಬಳೆ, ಕಾಸರಗೋಡು